ಎಂಟು ಸಾವಿರ ಅಡಿಯ ಉಸಿರು

‘ಇವರನ್ನು ನಾನು ಪರೀಕ್ಷಿಸಿದ್ದೇನೆ. ವಿಮಾನ ಪ್ರಯಾಣಕ್ಕೆ ಅರ್ಹರಾಗಿದ್ದಾರೆ.’ ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಎದೆರೋಗದ ವೈದ್ಯನಾಗಿ ಕೆಲಸ ಶುರುಮಾಡಿದಾಗ ಪ್ರಮಾಣಪತ್ರವೆಂದರೆ ಈ ಎರಡು ಸಾಲು, ಕೆಳಗೊಂದು ರುಜು, ಪಕ್ಕದಲ್ಲಿ ನೋಂದಣಿ ಸಂಖ್ಯೆಯ ಮೊಹರು. ಅರ್ಹತೆಯನ್ನು ಯಾವುದರಿಂದ ಅಳೆದಿರಿ ಎಂದು ಯಾರೂ ಕೇಳುತ್ತಿರಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಿದ್ದೆವು, ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆವು, ತುಟಿ–ಉಗುರು ನೀಲಿಗಟ್ಟಿವೆಯೇ ಎಂದು ಗಮನಿಸುತ್ತಿದ್ದೆವು. ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ನಡೆಸುತ್ತಿದ್ದೆವು. ಸುಮಾರು ಐವತ್ತು ಮೀಟರ್ ನಡೆದು ಬಂದು, ಏದುಸಿರಿಲ್ಲದೆ ಒಂದು ಮಾತನ್ನು ಪೂರ್ತಿ ಆಡಿದರೆ ಅವರು ಹಾರಬಹುದು. ಐವತ್ತು ಮೀಟರಿನ ಈ ನಡಿಗೆ ನಮ್ಮೂರಿನ ಕಂಡುಹಿಡಿತವಲ್ಲ. ವಿಮಾನ ಸಂಸ್ಥೆಗಳ ವೈದ್ಯರೂ ಬಹುಕಾಲ ಇದನ್ನೇ ನಂಬಿದ್ದರು.

ಆ ಕಾಲವನ್ನು ಹೊಗಳಿ ಬರೆಯುವ ಆಸೆ ನನಗಿಲ್ಲ. ನಡಿಗೆಯಲ್ಲಿ ಗೆದ್ದವರಿಗೆ ಪ್ರಮಾಣಪತ್ರ ಸಿಗುತ್ತಿತ್ತು. ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಗಾಯದ ಗುರುತು ಕಂಡವರಿಗೆ, ಚಳಿಗಾಲದಲ್ಲಿ ದಮ್ಮು ಬರುತ್ತದೆ ಎಂದವರಿಗೆ, ‘ವಿಮಾನದ ಸಹವಾಸ ಬೇಡ’ ಎಂಬ ಉಪದೇಶ ಸಿಗುತ್ತಿತ್ತು. ಹೌದು ಎಂದದ್ದೂ ಊಹೆ, ಬೇಡ ಎಂದದ್ದೂ ಊಹೆ. ಹಾರಬಲ್ಲವರು ಮನೆಯಲ್ಲೇ ಉಳಿದರು, ಆಮ್ಲಜನಕ ಬೇಕಿದ್ದವರು ಅದಿಲ್ಲದೆ ಹಾರಿದರು. ಆಮೇಲಿನ ವರ್ಷಗಳಲ್ಲಿ ಊಹೆಯ ಜಾಗಕ್ಕೆ ಅಳತೆ ಬಂತು. ಆದರೆ ಬಂದ ಅಳತೆಯನ್ನು ನಾವು ಸರಿಯಾಗಿ ಬಳಸುತ್ತಿಲ್ಲ. ಈ ಬರಹದ ಕಾಳಜಿ ಅಷ್ಟೇ.

ಆಗ ವಿಮಾನ ಹತ್ತುತ್ತಿದ್ದವರೂ ಬೇರೆ. ಮೈಸೂರಿನವರಿಗೆ ವಿಮಾನವೆಂದರೆ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣ. ವಿದೇಶಕ್ಕೆ ಹೋಗುವವರು ಬಹುತೇಕ ಬೊಂಬಾಯಿಯನ್ನು ಹಾದೇ ಹೋಗಬೇಕಿತ್ತು. ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೊರಟವರು ಬಸ್ಸಿನಲ್ಲಿ ಬೊಂಬಾಯಿ ಸೇರಿ ಅಲ್ಲಿಂದ ಹಾರುತ್ತಿದ್ದರು. ಅವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಹುಡುಗರು. ಎದೆಯ ಎಕ್ಸ್‌ರೇ ತೆಗೆಸಿ, ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಿ ಹೊರಟವರು. ಮುದುಕರು, ಕಾಯಿಲೆಯವರು ವಿಮಾನದ ಮೆಟ್ಟಿಲು ಹತ್ತುವುದು ಅಪರೂಪ.

ತೊಂಬತ್ತರ ದಶಕದಲ್ಲಿ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆಂದು ಅಮೆರಿಕಕ್ಕೆ ಹೋದರು, ಹಿಂದೆಯೇ ಅಪ್ಪ–ಅಮ್ಮಂದಿರ ಪ್ರಯಾಣ ಶುರುವಾಯಿತು. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಮೊದಲ ವಿಮಾನ ಹಾರಿಸಿದ ಮೇಲೆ ಪಂಚೆ ಉಟ್ಟವರೂ ಟಿಕೆಟ್ ಕೊಂಡರು. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಬಂತು. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಎಲ್ಲೂ ಇಳಿಯದ ವಿಮಾನ ಆರಂಭವಾಯಿತು. ಸುಮಾರು ಹದಿನಾರು ಗಂಟೆ ಒಂದೇ ಆಸನದಲ್ಲಿ, ಒಂದೇ ಗಾಳಿಯಲ್ಲಿ.

ಹೀಗೆ ಹಾರುವವರ ಶ್ವಾಸಕೋಶಗಳೂ ಬದಲಾದವು. ಈಗ ನನ್ನೆದುರು ಕೂರುವ ಪ್ರಯಾಣಿಕರಲ್ಲಿ ಮಗಳ ಬಾಣಂತನಕ್ಕೆ ಹೊರಟ ತಾಯಂದಿರು ಬಹಳ. ಬೀಡಿ–ಸಿಗರೇಟು ಮುಟ್ಟಿದವರಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದವರು. ಆ ಹೊಗೆ ಶ್ವಾಸನಾಳಗಳನ್ನು ಶಾಶ್ವತವಾಗಿ ಕಿರಿದು ಮಾಡಿರುತ್ತದೆ. ವೈದ್ಯರು ಇದಕ್ಕೆ ಸಿ.ಒ.ಪಿ.ಡಿ. ಎನ್ನುತ್ತಾರೆ, ಮನೆಯವರು ‘ಅಮ್ಮನ ಗೂರಲು’ ಎನ್ನುತ್ತಾರೆ. ಅವರ ಜೊತೆಗೆ ಬೀಡಿ ಸೇದಿ ಶ್ವಾಸಕೋಶದ ಗಾಳಿಗೂಡುಗಳು ಉಬ್ಬಿಹೋದ ಅಪ್ಪಂದಿರು, ಕ್ಷಯ ವಾಸಿಯಾದರೂ ಶ್ವಾಸಕೋಶದ ಒಂದು ಭಾಗ ನಾರುಗಟ್ಟಿದವರು, ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಹೊತ್ತವರು. ಇವರ ಮಕ್ಕಳೂ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಟೆಕ್ಸಸ್‌ನಲ್ಲಿದ್ದಾರೆ. ಇವರೂ ಹೋಗಬೇಕು. ಹೋಗಬೇಕು ಎಂಬ ಅವರ ಆಸೆ ನ್ಯಾಯವಾದದ್ದು. ವೈದ್ಯನ ಕೆಲಸ ಅದನ್ನು ತಡೆಯುವುದಲ್ಲ, ಅದಕ್ಕೆ ದಾರಿ ಮಾಡುವುದು.

ವಿಮಾನದೊಳಗೆ ಏನಾಗುತ್ತದೆ ಎಂಬುದನ್ನು ನಾನು ರೋಗಿಗಳಿಗೆ ಊಟಿಯ ಲೆಕ್ಕದಲ್ಲಿ ಹೇಳುತ್ತೇನೆ. ವಿಮಾನ ಮೂವತ್ತೈದು–ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಒಳಗೆ ನೆಲಮಟ್ಟದ ಒತ್ತಡ ಇರುವುದಿಲ್ಲ. ಹೆಚ್ಚೆಂದರೆ 8000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡವನ್ನು ಕಾಯ್ದುಕೊಳ್ಳುತ್ತಾರೆ. ಬೋಯಿಂಗ್ 787, ಏರ್‌ಬಸ್ ಎ350ಯಂಥ ಹೊಸ ವಿಮಾನಗಳಲ್ಲಿ ಇದು ಸುಮಾರು 6000 ಅಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6300 ಅಡಿಯಷ್ಟು, ಊಟಿ 7300 ಅಡಿ ದಾಟುತ್ತದೆ, ಅದರ ಮೇಲಿನ ದೊಡ್ಡಬೆಟ್ಟ ಸುಮಾರು 8600 ಅಡಿ. ಅಂದರೆ ಹಳೆಯ ಮಾದರಿಯ ವಿಮಾನದಲ್ಲಿ ಕೂತವರು ಊಟಿ ಪಟ್ಟಣಕ್ಕೂ ದೊಡ್ಡಬೆಟ್ಟಕ್ಕೂ ನಡುವೆ ಎಲ್ಲೋ ಕೂತಿರುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ನೂರಕ್ಕೆ 21ರಷ್ಟೇ. ಆದರೆ ಒತ್ತಡ ತಗ್ಗಿರುವುದರಿಂದ, ಸಮುದ್ರಮಟ್ಟದಲ್ಲಿ ನೂರಕ್ಕೆ 15ರಷ್ಟು ಆಮ್ಲಜನಕವಿರುವ ಗಾಳಿಯನ್ನು ಸೇವಿಸಿದರೆ ಎಷ್ಟು ಸಿಗುತ್ತದೋ ಅಷ್ಟೇ ದೇಹಕ್ಕೆ ಸಿಗುತ್ತದೆ.

ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಮಟ್ಟ 97–98ರಿಂದ 90ರ ಆಸುಪಾಸಿಗೆ ಇಳಿದರೂ ಹೃದಯ ಸ್ವಲ್ಪ ಜೋರಾಗಿ ಬಡಿದು ಸರಿದೂಗಿಸುತ್ತದೆ. ಕಾಯಿಲೆಯ ಶ್ವಾಸಕೋಶದ ಲೆಕ್ಕ ಬೇರೆ. ಮಲೆನಾಡಿನ ನೆಲ ಆಗುಂಬೆಯವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗಿ ಅಲ್ಲಿಂದ ಸೋಮೇಶ್ವರಕ್ಕೆ ಒಮ್ಮೆಲೇ ಇಳಿಯುತ್ತದಲ್ಲ, ರಕ್ತ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ರೀತಿಯೂ ಹಾಗೆಯೇ. ಒಂದು ಹಂತದವರೆಗೆ ಒತ್ತಡ ತಗ್ಗಿದರೂ ಮಟ್ಟ ಅಷ್ಟಾಗಿ ಇಳಿಯುವುದಿಲ್ಲ. ಆ ಅಂಚು ದಾಟಿದರೆ ಒತ್ತಡದ ಸಣ್ಣ ಇಳಿತಕ್ಕೂ ಆಮ್ಲಜನಕ ಧಡಕ್ಕನೆ ಬೀಳುತ್ತದೆ. ಆರೋಗ್ಯವಂತರು ಅಂಚಿನಿಂದ ದೂರದಲ್ಲಿರುತ್ತಾರೆ. ಸಿ.ಒ.ಪಿ.ಡಿ. ಬಲಿತವರು ನೆಲದ ಮೇಲಿರುವಾಗಲೇ ಅಂಚಿನಲ್ಲಿರುತ್ತಾರೆ. ವರಾಂಡದ ನಡಿಗೆಯಲ್ಲಿ ಅವರು ಚೆನ್ನಾಗಿಯೇ ಕಾಣಬಹುದು. ಅಂಚು ಎಷ್ಟು ಹತ್ತಿರವಿದೆ ಎಂಬುದನ್ನು ಆ ನಡಿಗೆ ತೋರಿಸುವುದಿಲ್ಲ.

ಅಳತೆಗೆ ಸಾಧನವಿಲ್ಲದ ದಿನಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಪ್ರಶ್ನೆ. ಮೈಸೂರಿನವರಲ್ಲಿ ಊಟಿ ನೋಡದವರು ಕಡಿಮೆ. ‘ಅಮ್ಮ, ಈಚೆಗೆ ಊಟಿಗೆ ಹೋಗಿದ್ರಾ? ಅಲ್ಲಿ ಹೇಗಿತ್ತು ಉಸಿರು?’ ಎಂದು ಕೇಳುತ್ತಿದ್ದೆ. ‘ಗಾರ್ಡನ್ನಿನ ಏರು ಹತ್ತಕ್ಕೇ ಆಗ್ಲಿಲ್ಲ ಡಾಕ್ಟ್ರೇ, ಮಕ್ಕಳನ್ನ ಕಳಿಸಿ ಬೆಂಚಿನ ಮೇಲೆ ಕೂತ್ಬಿಟ್ಟೆ’ ಎಂದವರ ಬಗ್ಗೆ ಎಚ್ಚರ ವಹಿಸುತ್ತಿದ್ದೆ. ಈ ಪ್ರಶ್ನೆಯನ್ನು ಈಗಲೂ ಬಿಟ್ಟಿಲ್ಲ. ಹಿಂದಿನ ವಿಮಾನ ಪ್ರಯಾಣದಲ್ಲಿ ಏನಾಯಿತು ಎಂದು ಕೇಳಿ ತಿಳಿಯಬೇಕೆಂದು ಇಂದಿನ ಮಾರ್ಗಸೂಚಿಗಳೂ ಹೇಳುತ್ತವೆ. ಆದರೆ ಪ್ರಶ್ನೆಗೆ ಸಿಕ್ಕ ಉತ್ತರ ಅಳತೆಯಾಗುವುದಿಲ್ಲ. ಊಟಿಯಲ್ಲಿ ಸುಮ್ಮನೆ ಕೂತವರಿಗೆ ಏನೂ ಅನ್ನಿಸದೆ ಇರಬಹುದು, ಹೋದ ವರ್ಷದ ಶ್ವಾಸಕೋಶ ಈ ವರ್ಷ ಇಲ್ಲದಿರಬಹುದು.

ಆಗಿನ ವಿಮಾನದ ಒಳಗಿನ ಗಾಳಿಯನ್ನೂ ನೆನೆಯಬೇಕು. ಹಿಂದಿನ ಸಾಲುಗಳು ಸಿಗರೇಟು ಸೇದುವವರಿಗೆ ಮೀಸಲು. ಆ ಸಾಲಿಗೂ ಮುಂದಿನ ಸಾಲಿಗೂ ನಡುವೆ ಗೋಡೆಯಿಲ್ಲ. ಉಬ್ಬಸದವರು ಹೊಗೆಯಲ್ಲಿ ಕೂತೇ ಸಾಗರ ದಾಟುತ್ತಿದ್ದರು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1992ರಲ್ಲಿ ನಿರ್ಣಯ ಮಾಡಿ, 1996ರ ಹೊತ್ತಿಗೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಧೂಮಪಾನ ನಿಲ್ಲಿಸುವಂತೆ ಸದಸ್ಯ ದೇಶಗಳನ್ನು ಕೋರಿತು. ಈಗಿನ ಮಕ್ಕಳಿಗೆ ಇದು ನಂಬಲಾಗದ ಸಂಗತಿ. ಶ್ವಾಸಕೋಶದ ರೋಗಿಗಳ ಪಾಲಿಗೆ ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಉಪಕಾರ ಆ ನಿಷೇಧದಿಂದ ಆಯಿತು.

ಇನ್ನು ಅಳತೆಯ ಮಾತು. ರಕ್ತದ ಆಮ್ಲಜನಕ ತಿಳಿಯಬೇಕಿದ್ದರೆ ಆಗ ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ ರಕ್ತ ತೆಗೆದು, ಐಸಿನಲ್ಲಿಟ್ಟು, ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಓಡಬೇಕಿತ್ತು. ಬೆರಳ ತುದಿಯಲ್ಲಿ ಬೆಳಕು ಹಾಯಿಸಿ ಆಮ್ಲಜನಕ ಅಳೆಯುವ ತತ್ವವನ್ನು ಜಪಾನಿನ ಟಕುವೊ ಅಯೊಯಾಗಿ 1974ರಲ್ಲೇ ಕಂಡುಹಿಡಿದಿದ್ದರೂ ಪಲ್ಸ್ ಆಕ್ಸಿಮೀಟರ್ ನಮ್ಮಲ್ಲಿ ಮೊದಲು ಬಂದದ್ದು ಆಪರೇಷನ್ ಥಿಯೇಟರಿಗೆ. ಹೊರರೋಗಿಗಳ ಬೆರಳಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು. ಮನೆಮನೆಗೆ ತಲುಪಿಸಿದ್ದು ಕೋವಿಡ್. 2021ರ ಎರಡನೇ ಅಲೆಯಲ್ಲಿ ಹಳ್ಳಿಯ ಅಜ್ಜಿಯರ ಬಾಯಲ್ಲೂ ‘ಸ್ಯಾಚುರೇಷನ್ ಎಷ್ಟಿದೆ’ ಎಂಬ ಮಾತು ಬಂತು. ಆ ಕೆಟ್ಟ ದಿನಗಳು ಬಿಟ್ಟುಹೋದ ಅರಿವುಗಳಲ್ಲಿ ಇದೂ ಒಂದು. ಆದರೆ ಆ ಪುಟ್ಟ ಸಾಧನಕ್ಕೂ ಮಿತಿಯಿದೆ. 2020ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಕ್ಸಿಮೀಟರ್ ಸರಿಯಾಗಿದೆ ಎಂದು ತೋರಿಸುವಾಗಲೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಚರ್ಮದವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಗಾಢ ಬಣ್ಣದ ಚರ್ಮ ನಮ್ಮಲ್ಲಿ ಸಾಮಾನ್ಯ. ಹಾಗಾಗಿ ಅಂಚಿನ ಅಂಕಿ ಬಂದಾಗ ನಾನು ಮಣಿಕಟ್ಟಿನ ರಕ್ತವನ್ನೇ ನಂಬುತ್ತೇನೆ.

ವಿಮಾನದ ಗಾಳಿಯನ್ನು ನೆಲದ ಮೇಲೆಯೇ ಉಸಿರಾಡಿಸಿ ನೋಡುವ ಪರೀಕ್ಷೆಯನ್ನು ಅಮೆರಿಕದ ಹೆನ್ರಿ ಗಾಂಗ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ನೂರಕ್ಕೆ 15ರಷ್ಟು ಆಮ್ಲಜನಕ, ಉಳಿದದ್ದು ನೈಟ್ರೋಜನ್. ರೋಗಿ ಸುಮಾರು ಇಪ್ಪತ್ತು ನಿಮಿಷ ಮುಖವಾಡದಲ್ಲಿ ಇದನ್ನು ಉಸಿರಾಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಇರುತ್ತದೆ, ಕೊನೆಯಲ್ಲಿ ರಕ್ತ ತೆಗೆದು ಅಳೆಯುತ್ತಾರೆ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 50 ಮಿಲಿಮೀಟರಿಗಿಂತ ಕೆಳಗಿಳಿದರೆ, ಅಥವಾ ಸ್ಯಾಚುರೇಷನ್ 85ಕ್ಕಿಂತ ಕಡಿಮೆಯಾದರೆ, ಪ್ರಯಾಣದಲ್ಲಿ ಆಮ್ಲಜನಕ ಬೇಕು. ಸಾಮಾನ್ಯವಾಗಿ ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 2 ಲೀಟರ್.

ಬ್ರಿಟನ್ನಿನ ಎದೆರೋಗ ತಜ್ಞರ ಸಂಘ 2002ರಲ್ಲಿ ಇದನ್ನೆಲ್ಲ ಸೇರಿಸಿ ಶಿಫಾರಸು ಪ್ರಕಟಿಸಿದಾಗ ನಮ್ಮ ಕೈಗೆ ಮೊದಲ ಸಲ ಸ್ಪಷ್ಟ ಅಂಕಿಗಳು ಸಿಕ್ಕವು. ವಿಶ್ರಾಂತಿಯಲ್ಲಿ ಸ್ಯಾಚುರೇಷನ್ 95ಕ್ಕಿಂತ ಹೆಚ್ಚಿದ್ದರೆ ಹಾಗೆಯೇ ಹಾರಬಹುದು, 92ಕ್ಕಿಂತ ಕಡಿಮೆಯಿದ್ದರೆ ಆಮ್ಲಜನಕ ಬೇಕು, ನಡುವೆ ಇದ್ದು ಬೇರೆ ಅಪಾಯಗಳೂ ಇದ್ದರೆ ಮೇಲಿನ ಪರೀಕ್ಷೆ ಮಾಡಿಸಬೇಕು. 2011ರ ಹೊತ್ತಿಗೆ ಅದೇ ಸಂಘ ಒಂದು ಹೆಜ್ಜೆ ಹಿಂದಿಟ್ಟಿತು. ಕೂತಾಗಿನ ಅಂಕಿಯೊಂದನ್ನೇ ನೋಡಿ ಆಕಾಶದಲ್ಲಿ ಏನಾಗುತ್ತದೆಂದು ಹೇಳಲಾಗದು ಎಂಬ ಅನುಭವ ಅದಕ್ಕೆ ಕಾರಣ. ಮರುವರ್ಷ ನಾರ್ವೆಯ ಸಂಶೋಧಕರು ಕೂತಾಗಿನ ಅಂಕಿಯ ಜೊತೆ ಆರು ನಿಮಿಷ ನಡೆದಾಗಿನ ಅಂಕಿಯನ್ನೂ ಸೇರಿಸಿ ನೋಡುವ ಕ್ರಮವನ್ನು ಸೂಚಿಸಿದರು. ವರಾಂಡದ ನಡಿಗೆ ಹೀಗೆ ಹೊಸ ರೂಪದಲ್ಲಿ ಮರಳಿತು. ಈಗ ನಡೆಯುವಾಗ ಬೆರಳಿಗೆ ಯಂತ್ರವಿದೆ, ಕೈಯಲ್ಲಿ ಗಡಿಯಾರವಿದೆ, ಬರೆದಿಡಲು ಅಂಕಿಯಿದೆ.

ಇಲ್ಲಿ ನಮ್ಮೂರಿನದೇ ಒಂದು ಸೂಕ್ಷ್ಮವಿದೆ. ಆ 15ರ ಲೆಕ್ಕ ಸಮುದ್ರಮಟ್ಟದ್ದು. ಬೆಂಗಳೂರು ಇರುವುದೇ ಸುಮಾರು 3000 ಅಡಿ ಎತ್ತರದಲ್ಲಿ. ಅಲ್ಲಿ ಅದೇ ಅನಿಲವನ್ನು ಕೊಟ್ಟರೆ ರೋಗಿಯನ್ನು 8000 ಅಡಿಗಿಂತ ಸಾಕಷ್ಟು ಮೇಲಕ್ಕೆ ಕಳಿಸಿದಂತಾಗುತ್ತದೆ. ವಾಯುಭಾರ ಹಿಡಿದು ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ ನೂರಕ್ಕೆ 17ರಷ್ಟು ಆಮ್ಲಜನಕವಿರುವ ಅನಿಲ ಸಾಕು. ಮಂಗಳೂರಿನಲ್ಲಿ ಸರಿಯಾದದ್ದು ಬೆಂಗಳೂರಿನಲ್ಲಿ ಅತಿಯಾಗುತ್ತದೆ. ಪುಸ್ತಕದ ಅಂಕಿಯನ್ನು ಊರಿನ ಎತ್ತರ ನೋಡಿ ತಿದ್ದಿಕೊಳ್ಳಬೇಕು. ಆಕ್ಸಿಮೀಟರಿನ ಅಂಕಿಗೂ ಇದೇ ಮಾತು ಸಲ್ಲುತ್ತದೆ. ಮಂಗಳೂರಿನ 93ನ್ನೂ ಬೆಂಗಳೂರಿನ 93ನ್ನೂ ಒಂದೇ ಎನ್ನಲಾಗದು.

ಅತಿ ದೊಡ್ಡ ಬದಲಾವಣೆ ಆಮ್ಲಜನಕ ಒದಗಿಸುವ ಬಗೆಯಲ್ಲಿ ಆಗಿದೆ. ಹಿಂದೆ ವಿಮಾನದಲ್ಲಿ ಆಮ್ಲಜನಕ ಬೇಕೆಂದರೆ ಸಂಸ್ಥೆಗೆ ಬರೆದು, ಹಣ ಕಟ್ಟಿ, ಅವರ ಸಿಲಿಂಡರಿಗಾಗಿ ಕಾಯಬೇಕಿತ್ತು. ಸ್ವಂತ ಸಿಲಿಂಡರ್ ಒಯ್ಯುವಂತಿರಲಿಲ್ಲ. ಸಂಸ್ಥೆಯ ಸಿಲಿಂಡರೂ ವಿಮಾನದ ಬಾಗಿಲಿನವರೆಗೆ ಮಾತ್ರ. ನಡುವಿನ ನಿಲ್ದಾಣದಲ್ಲಿ ವಿಮಾನ ಬದಲಿಸುವ ಗಂಟೆಗಳಿಗೆ ಯಾರೂ ಹೊಣೆಯಲ್ಲ. ನಾನು ಬಲ್ಲ ಒಬ್ಬ ಹಿರಿಯರನ್ನು ಒಂದು ವಿಮಾನ ಸಂಸ್ಥೆ ಹೀಗೆ ನಡುವಿನ ನಿಲ್ದಾಣದಲ್ಲಿ ನಳಿಕೆ ಕಳಚಿ ಇಳಿಸಿತು. ಮುಂದಿನ ವಿಮಾನದವರೆಗೆ ಅವರ ಸೊಸೆ ಅವರನ್ನು ಗಾಲಿಕುರ್ಚಿಯಿಂದ ಅಲುಗಾಡಲು ಬಿಡದೆ ಕಾದು ಕೂತಳು. ಆಕ್ಸಿಜನ್ ಕೊಡುತ್ತೇವೆ ಎಂದು ಟಿಕೆಟಿನಲ್ಲಿ ಬರೆದಿತ್ತು. ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿರಲಿಲ್ಲ.

ಈಗ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಪುಟ್ಟ ಕಾನ್ಸಂಟ್ರೇಟರ್‌ಗಳಿವೆ. ಭುಜಕ್ಕೆ ನೇತುಹಾಕಿಕೊಂಡೇ ಹೋಗಬಹುದು. ಅಮೆರಿಕದ ವಿಮಾನಯಾನ ಆಡಳಿತ 2005ರಲ್ಲಿ ಇವನ್ನು ವಿಮಾನದೊಳಗೆ ಬಳಸಲು ಅವಕಾಶ ಕೊಟ್ಟಿತು. 2009ರಲ್ಲಿ ಜಾರಿಗೆ ಬಂದ ಅಲ್ಲಿನ ನಿಯಮ, ಒಪ್ಪಿಗೆ ಪಡೆದ ಯಂತ್ರವನ್ನು ಪ್ರಯಾಣಿಕರು ಬಳಸಲು ಬಿಡುವುದು ವಿಮಾನ ಸಂಸ್ಥೆಗಳ ಕರ್ತವ್ಯ ಎಂದಿತು. ಇದು ದಾನವಲ್ಲ, ಹಕ್ಕು. ಆದರೆ ಸಿದ್ಧತೆ ನಮ್ಮದು. ಸಂಸ್ಥೆಗೆ ಮೊದಲೇ ತಿಳಿಸಬೇಕು. ಹಾರಾಟದ ಒಟ್ಟು ಸಮಯದ ಒಂದೂವರೆ ಪಟ್ಟು ಬಾಳುವ ಬ್ಯಾಟರಿ ಒಯ್ಯಬೇಕೆಂದು ಸಂಸ್ಥೆಗಳು ಕೇಳುತ್ತವೆ. ಹದಿನಾರು ಗಂಟೆಯ ಹಾರಾಟಕ್ಕೆ ಅದು ಇಪ್ಪತ್ತನಾಲ್ಕು ಗಂಟೆಯ ಬ್ಯಾಟರಿ. ಸಣ್ಣ ಯಂತ್ರಗಳಲ್ಲಿ ಹೆಚ್ಚಿನವು ಉಸಿರು ಒಳಗೆಳೆದಾಗ ಮಾತ್ರ ಆಮ್ಲಜನಕ ಬಿಡುತ್ತವೆ. ಬಾಯಿ ತೆರೆದು ನಿದ್ದೆಹೋಗುವವರಿಗೆ ಅದು ಸಾಲದಿರಬಹುದು. ಯಂತ್ರವನ್ನು ಹಾಕಿಕೊಂಡು ಮನೆಯಲ್ಲಿ ಒಂದು ರಾತ್ರಿ ಮಲಗಿ, ನಡೆದು, ಸ್ಯಾಚುರೇಷನ್ ನೋಡಿಕೊಂಡು ಹೊರಡಬೇಕು. ಹೆಚ್ಚು ಕೊಟ್ಟರೆ ಒಳ್ಳೆಯದೆಂದು ಗುಂಡಿ ತಿರುಗಿಸುವುದೂ ಅಪಾಯ. ಬಲಿತ ಸಿ.ಒ.ಪಿ.ಡಿ.ಯ ಕೆಲವರಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ.

ಇಷ್ಟೆಲ್ಲ ಬಂದ ಮೇಲೂ ಒಂದು ಅಭ್ಯಾಸ ಹಾಗೆಯೇ ಉಳಿದಿದೆ. ನಾಳಿದ್ದು ಪ್ರಯಾಣ ಎನ್ನುವಾಗ ಮಗ ಅಮೆರಿಕದಿಂದ ಫೋನು ಮಾಡುತ್ತಾನೆ: ‘ಅಂಕಲ್, ಫಿಟ್ ಟು ಫ್ಲೈ ಅಂತ ಒಂದು ಲೆಟರ್ ಕೊಟ್ಬಿಡಿ.’ ಟಿಕೆಟ್ ಆಗಿದೆ, ಸೂಟ್‌ಕೇಸು ತೂಗಿ ಆಗಿದೆ, ಚಟ್ನಿಪುಡಿ ಕಟ್ಟಿ ಆಗಿದೆ. ಅಮ್ಮನ ಶ್ವಾಸಕೋಶ ಮಾತ್ರ ಕೊನೆಗೆ ನೆನಪಾಗಿದೆ. ಆ ಹೊತ್ತಿಗೆ ಪರೀಕ್ಷೆಗೂ ಸಮಯವಿಲ್ಲ, ಕಾನ್ಸಂಟ್ರೇಟರ್ ಬಾಡಿಗೆಗೆ ತರಲೂ ಸಮಯವಿಲ್ಲ, ವಿಮಾನ ಸಂಸ್ಥೆಯ ವೈದ್ಯರಿಗೆ ಕಳಿಸಬೇಕಾದ ಮೆಡಿಫ್ ನಮೂನೆ ತುಂಬಲೂ ಸಮಯವಿಲ್ಲ. ಇನ್ನು ಕೆಲವರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ನಳಿಕೆ ಕಂಡರೆ ಹತ್ತಿಸಿಕೊಳ್ಳುವುದಿಲ್ಲ, ಮೊಮ್ಮಗು ನೋಡುವುದು ತಪ್ಪುತ್ತದೆ ಎಂಬ ಭಯ. ಅಟ್ಲಾಂಟಿಕ್ ಸಾಗರದ ಮೇಲೆ ಉಸಿರು ಕಟ್ಟಿದರೆ ಹತ್ತಿರದ ನಿಲ್ದಾಣವೂ ಗಂಟೆಗಳ ದೂರ ಎಂಬುದನ್ನು ಆ ಭಯ ಮರೆಸುತ್ತದೆ.

ಹಾರಲೇಬಾರದವರೂ ಇದ್ದಾರೆ, ಅವರಿಗೆ ಬೇಡ ಎನ್ನಲು ಈಗ ನಮ್ಮ ಬಳಿ ಕಾರಣಗಳಿವೆ. ಕಫದಲ್ಲಿ ಕ್ಷಯದ ರೋಗಾಣು ಇರುವವರು ತಮಗಾಗಿ ಅಷ್ಟೇ ಅಲ್ಲ, ಪಕ್ಕದವರಿಗಾಗಿಯೂ ಹಾರಬಾರದು. ಎದೆಗೂಡಿನಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಸಿದಿರುವವರು ಹಾರಬಾರದು. 8000 ಅಡಿಯಲ್ಲಿ ಸಿಕ್ಕಿಹಾಕಿಕೊಂಡ ಗಾಳಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಪೂರ್ತಿ ಸರಿಯಾಗಿದೆಯೆಂದು ಖಚಿತವಾದ ಮೇಲೂ ಕನಿಷ್ಠ ಒಂದು ವಾರ ಕಾಯಬೇಕು. ಮನೆಯಲ್ಲೇ ನಿಮಿಷಕ್ಕೆ 4 ಲೀಟರಿಗಿಂತ ಹೆಚ್ಚು ಆಮ್ಲಜನಕ ಬೇಕಾದವರು, ಈಗಷ್ಟೇ ದಮ್ಮು ಉಲ್ಬಣಿಸಿ ಆಸ್ಪತ್ರೆಯಿಂದ ಬಂದವರು ಪ್ರಯಾಣವನ್ನು ಮುಂದೂಡಬೇಕು. ಇದರಲ್ಲಿ ಮುಲಾಜಿಗೆ ಜಾಗವಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ ಉಸಿರಿನ ಕಾಯಿಲೆಯವರಿದ್ದು ವಿಮಾನ ಪ್ರಯಾಣದ ಮಾತು ಬಂದರೆ, ಟಿಕೆಟ್ ಕೊಳ್ಳುವುದಕ್ಕೆ ಮೊದಲೇ ಎದೆರೋಗದ ವೈದ್ಯರನ್ನು ಕಾಣಿ. ಕೂತಾಗಿನ, ನಡೆದಾಗಿನ ಆಮ್ಲಜನಕದ ಅಳತೆ ಕೇಳಿ, ಸಂದೇಹವಿದ್ದರೆ ಪರೀಕ್ಷೆ ಮಾಡಿಸಿ. ಒಳಗಿನ ಒತ್ತಡ 6000 ಅಡಿಯಷ್ಟಿರುವ ವಿಮಾನ ಸಿಗುವುದಾದರೆ ಅದನ್ನೇ ಆರಿಸಿ. ಪಂಪು, ಮಾತ್ರೆ, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ. ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಲು ಹಿಂಜರಿಯಬೇಡಿ. ನಡುವಿನ ನಿಲ್ದಾಣದಲ್ಲಿ ಆಮ್ಲಜನಕ ಯಾರು ಕೊಡುತ್ತಾರೆ ಎಂದು ಬರಹದಲ್ಲಿ ತಿಳಿದುಕೊಳ್ಳಿ. ವೈದ್ಯ ಮಿತ್ರರಿಗೂ ಒಂದು ಮಾತು: ಅಳೆಯದೆ ರುಜು ಹಾಕಬೇಡಿ, ಅಳೆಯದೆ ಬೇಡ ಎಂದೂ ಹೇಳಬೇಡಿ. ಶ್ವಾಸಕೋಶದ ದೀರ್ಘ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಸುರಕ್ಷಿತವಾಗಿ ಹಾರಬಲ್ಲರು. ಅದಕ್ಕೆ ಬೇಕಾದದ್ದು ಮೊದಲೇ ಮಾಡಿಸಿದ ಅಳತೆ, ಮತ್ತು ಅದು ಹೇಳಿದ್ದನ್ನು ಒಪ್ಪಿ ನಡೆಯುವ ಮನಸ್ಸು.